ಇವರು ನಿನಗೆ ಏನಾಗಬೇಕು?

ನಮ್ಮೂರಲ್ಲಿ ಒಬ್ಬರನ್ನು ಮಾತಿಗೆ ಕರೆಯುವಾಗ "ಬಾ, ಮಾತಾಡೋಣ" ಅನ್ನುವುದಿಲ್ಲ. "ನೆರಳಿಗೆ ಬಾ" ಅನ್ನುತ್ತಾರೆ. ಬೀದಿಯಲ್ಲಿ ಎದುರಾದವರು ಒಬ್ಬರ ನೆರಳಲ್ಲಿ ಇನ್ನೊಬ್ಬರು ಕಾಲಿಟ್ಟು ನಿಂತು ಸಂತೆಯ ಸುದ್ದಿ, ಸೊಸೆಯ ಸುದ್ದಿ, ಊರ ಮೇಲಿನ ಸುದ್ದಿಯನ್ನೆಲ್ಲ ಆಡಿ ಮುಗಿಸಿ ಹೋಗುತ್ತಾರೆ. ನನ್ನನ್ನು ಹದಿನೇಳು ವರ್ಷ ಯಾರೂ ಹಾಗೆ ಕರೆಯಲಿಲ್ಲ. ಅವರದೇನೂ ತಪ್ಪಿಲ್ಲ ಬಿಡಿ. ನನ್ನ ಹತ್ತಿರ ನೆರಳೇ ಇರಲಿಲ್ಲ. ದಿನಾ ಬೆಳಿಗ್ಗೆ ಮಡಿಸಿ ಇಟ್ಟುಬಿಡುತ್ತಿದ್ದೆ. ಒಬ್ಬರ ನೆರಳಿಗೆ ಕಾಲಿಟ್ಟ ಮೇಲೆ ನಮ್ಮದನ್ನೂ ಅವರಿಗೆ ಕೊಡಬೇಕು, ಅದು ನಡೆದುಬಂದ ರೀತಿ. ಕೊಡಲಿಕ್ಕಿಲ್ಲದವಳು ಹೋಗಿ ಸುಮ್ಮನೆ ನಿಂತರೆ ಚೆನ್ನಾಗಿರುತ್ತದೆಯೇ? ತಲೆ ತಗ್ಗಿಸಿ ಸರಸರ ನಡೆದುಬಿಡುತ್ತಿದ್ದೆ.

ನೆರಳು ಮಡಿಸುವುದು ದೊಡ್ಡ ವಿದ್ಯೆಯೇನಲ್ಲ. ಹೊತ್ತು ಒಂದು ಮಾರು ಏರಿದಾಗ ಸಾರಿಸಿದ ಅಂಗಳದಲ್ಲಿ ನಿಂತು ತಲೆಯ ಕಡೆಯಿಂದ ಬಿಡಿಸಿಕೊಳ್ಳುತ್ತ ಬರಬೇಕು. ನೀವು ಬಗ್ಗಿದರೆ ಅದೂ ಬಗ್ಗುತ್ತದೆ, ಮೊದಮೊದಲು ಎಲ್ಲರೂ ಬೇಸ್ತು ಬೀಳುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಹಿಮ್ಮಡಿಯ ಹತ್ತಿರ ಬಂದಾಗ ಒಂಚೂರು ಚುರ್ ಅನ್ನುತ್ತದೆ, ಅಷ್ಟೇ. ಮಡಿಸಿದ್ದನ್ನು ಬಟ್ಟೆಯಲ್ಲಿ ಸುತ್ತಿ, ಬಟ್ಟೆಯನ್ನೂ ನೆರಳನ್ನೂ ಕೂಡಿಸಿ ದಾರ ಹಾಯಿಸಿ ಮೇಲೆ ಹೆಸರು ಹೊಲಿಯಬೇಕು. ಯಾರ ಹೆಸರು ಹೊಲಿದಿದೆಯೋ ನೆರಳು ಅವರದು. ಆ ದಿನವೆಲ್ಲ ನಿಮ್ಮ ಮೈಗೆ ಬಿಸಿಲು ಎರಡು ಪಾಲು ಬಡಿಯುತ್ತದೆ. ಇಟ್ಟ ನೆರಳು ಸವೆಯುತ್ತದೆ ಕೂಡ, ಮೂರು ನಾಲ್ಕು ಮಡಿಕೆ ಸೇರಿಸಿದರೆ ಒಂದು ದಿನದ ನೆರಳಾದೀತು.

ಕೂಡಿಡುವುದಕ್ಕೆ ನಮ್ಮಲ್ಲಿ ಎರಡೇ ಕಾರಣ, ಮಕ್ಕಳ ಓದು ಮತ್ತು ಸ್ವಂತ ಮುಪ್ಪು. ಕಾಲೇಜು ಇರುವುದು ಬೋಳುಗುಡ್ಡದ ತುದಿಯಲ್ಲಿ. ಅದಕ್ಕೆ ಗೋಡೆಗಳಿವೆ, ಚಾವಣಿಯಿಲ್ಲ. ಯಾರಾದರೂ ಒಬ್ಬರು ಬಿಸಿಲಲ್ಲಿ ನಿಂತಿದ್ದರೆ ಮಾತ್ರ ಇನ್ನೊಬ್ಬರು ನೆರಳಲ್ಲಿ ಕೂತು ಓದಬೇಕು ಅಂತ ಕಟ್ಟಿಸಿದವರು ಬರೆದಿಟ್ಟು ಹೋಗಿದ್ದಾರಂತೆ. ಸೇರುವ ಹುಡುಗ ಹುಡುಗಿಯರು ನಾಲ್ಕು ವರ್ಷಕ್ಕಾಗುವಷ್ಟು ನೆರಳಿನ ಗಂಟು ಹೊತ್ತುಕೊಂಡು ಗುಡ್ಡ ಹತ್ತಬೇಕು. ಇನ್ನು ಮುಪ್ಪು. ಅರವತ್ತು ದಾಟಿತೆಂದರೆ ನಮ್ಮೂರವರ ಮೈ ನೆರಳು ಬೀಳಿಸುವುದನ್ನು ಬಿಟ್ಟುಬಿಡುತ್ತದೆ. ಕಟ್ಟಿಟ್ಟವರು ದಿನಕ್ಕಷ್ಟು ಬಿಡಿಸಿ, ಕಟ್ಟೆಯ ಮೇಲೆ ನಾಲ್ಕು ಕೋಲಿಗೆ ಕಟ್ಟಿಕೊಂಡು, ಓರಗೆಯವರ ಜೊತೆ ಹರಟುತ್ತ ಕೂರುತ್ತಾರೆ. ಇಲ್ಲದವರು ಆ ಎರಡು ಪಾಲು ಬಿಸಿಲು ಮುಪ್ಪಿನ ಮೈಗೆ ತಡೆಯದೆ ಬಾಗಿಲು ಹಾಕಿಕೊಂಡು ಹೊತ್ತು ಮುಳುಗುವವರೆಗೂ ಒಳಗಿರಬೇಕು. ನಮ್ಮ ಸೋದರತ್ತೆ ಹಾಗೆ ಹನ್ನೊಂದು ವರ್ಷ ಕೂತಿದ್ದಳು. ಕೊನೆಕೊನೆಗೆ ಬಾಗಿಲು ಸದ್ದಾದರೂ ಯಾರು ಬಂದರೆಂದು ಕೇಳುತ್ತಿರಲಿಲ್ಲ.

ನನ್ನ ತಂಗಿ ಕಸ್ತೂರಿ ಜ್ವರದಲ್ಲಿ ತೀರಿಕೊಂಡಾಗ ಅವಳ ಮಗಳು ಸುಗಲಾಗೆ ಹತ್ತು ತಿಂಗಳು. ಮಗುವಿನ ಅಪ್ಪ ಬೇರೆ ಮದುವೆಯಾಗಿ ಊರು ಬಿಟ್ಟ. ನಾನು ಮದುವೆ ಗಿದುವೆ ಅಂತ ಹೋದವಳಲ್ಲ, ಕೌದಿ ಹೊಲಿದುಕೊಂಡು ನನ್ನ ಪಾಡಿಗೆ ನಾನಿದ್ದೆ. ಜನ ಹಳೆ ಸೀರೆ ತಂದುಕೊಡುತ್ತಿದ್ದರು, ನಾನು ತುಂಡು ಸೇರಿಸಿ ಹೊದಿಕೆ ಮಾಡಿಕೊಡುತ್ತಿದ್ದೆ. ಮಗುವನ್ನು ಎತ್ತಿಕೊಂಡು ಬಂದೆ. ಆಗ ತಂಗಿಯ ಅತ್ತೆ, ಆ ಪುಣ್ಯಾತ್ಗಿತ್ತಿ, ನಾಲ್ಕು ಜನರ ಮುಂದೆ ಅಂದಳು: "ಎಷ್ಟಂದ್ರೂ ದೊಡ್ಡವ್ವ. ಹಡದಾಕಿ ಹಂಗ ನೆರಳ ಕೊಡ್ತಾಳೇನ? ಮೊದಲ ತನ್ನ ಮುಪ್ಪಿಗೆ ಕಟ್ಟಿಕೊಂಡು ಮಿಕ್ಕದ್ದು ಕೂಸಿಗೆ ಕೊಡ್ತಾಳ, ನೋಡ್ತಿರ್ರಿ."

ಆ ಒಂದು ಮಾತು ನನ್ನನ್ನು ಹದಿನೇಳು ವರ್ಷ ಕುಣಿಸಿತು. ಮಾರನೆಯ ಬೆಳಿಗ್ಗೆಯೇ ನೆರಳು ಮಡಿಸಲು ಶುರು ಮಾಡಿದೆ. ಒಂದೊಂದು ಗಂಟಿನ ಮೇಲೂ ಕೆಂಪು ದಾರದಲ್ಲಿ ಸುಗಲಾ, ಸುಗಲಾ, ಸುಗಲಾ ಅಂತ ಹೊಲಿದೆ. ನೀಲಗಂಗವ್ವ ಅನ್ನುವ ನನ್ನ ಹೆಸರು ಒಂದರ ಮೇಲೂ ಇಲ್ಲ. ಆ ಮುದುಕಿ ಬಂದರೆ ಟ್ರಂಕು ತೆಗೆದು ತೋರಿಸಬೇಕು, ಅವಳ ಮುಖ ಸಣ್ಣದಾಗಬೇಕು, ಅದಷ್ಟೇ ನನ್ನ ಆಸೆ. ಅವಳು ಬರಲೇ ಇಲ್ಲ, ನಾಲ್ಕನೇ ವರ್ಷ ಸತ್ತೂ ಹೋದಳು. ಆದರೂ ಹೊಲಿಯುವುದನ್ನು ಬಿಡಲಿಲ್ಲ. ಹಟ ಅಂದರೆ ಹಟ.

ಒಳಗೊಳಗೇ ನನಗೂ ಒಂದು ಲೆಕ್ಕಾಚಾರವಿತ್ತು, ಸುಳ್ಳೇಕೆ ಹೇಳಲಿ. ಹೆಸರು ಯಾರದಾದರೇನು, ಗಂಟುಗಳಿರುವುದು ಒಂದೇ ಮನೆಯಲ್ಲಿ. ಕಾಲೇಜಿನ ಮೇಲೆ ಧರ್ಮದ ಚಪ್ಪರ ಅಂತ ಒಂದಿದೆ. ವಾರಸುದಾರರಿಲ್ಲದೆ ಸತ್ತವರ ನೆರಳನ್ನೆಲ್ಲ ಒಟ್ಟು ಮಾಡಿ ಕಟ್ಟಿದ್ದು. ನೆರಳು ಸಾಲದ ಮನೆಯ ಮಕ್ಕಳಿಗೆ ಅದರಡಿ ಜಾಗ ಕೊಡುತ್ತಾರೆ. ಕೌದಿ ಹೊಲಿಯುವವಳ ಮನೆಗೆ ಅರ್ಧವಾದರೂ ಕೊಡದೆ ಇರುತ್ತಾರೆಯೇ? ಓದಿಗೆ ಅರ್ಧ ಚಪ್ಪರದಿಂದ, ಅರ್ಧ ಗಂಟಿನಿಂದ. ಗಂಟಿನಲ್ಲಿ ಉಳಿದದ್ದು ನನ್ನ ಮುಪ್ಪಿಗೆ. ಹೀಗೆ ನಾನೇ ಹಾಕಿಕೊಂಡು ನಾನೇ ಒಪ್ಪಿಕೊಂಡಿದ್ದೆ.

ಸುಗಲಾ ಬೆಳೆದಳು. ಮನೆಯಲ್ಲಿ ನಾವಿಬ್ಬರೇ, ಮಾತೂ ನಮ್ಮಿಬ್ಬರದೇ. ಮೂರು ವರ್ಷದವಳಿದ್ದಾಗ ಒಂದು ದಿನ ನನ್ನ ಸುತ್ತ ಒಂದು ಸುತ್ತು ಬಂದು ಕೇಳಿದಳು: "ದೊಡ್ಡವ್ವ, ಎಲ್ಲಾರ ಕಾಲಾಗೂ ಕರ್ರಗಂದು ಒಂದು ಅದ, ನಿನ್ನ ಕಾಲಾಗ ಯಾಕಿಲ್ಲ?" "ಒಗ್ಯಾಕ ಹಾಕೀನವ್ವ" ಅಂದೆ. ಅವಳು ನಂಬಿದಳು. ಹಗಲೆಲ್ಲ ಬಾಗಿಲಲ್ಲಿ ಸೂಜಿ ಹಿಡಿದು ಕೂರುತ್ತಿದ್ದೆ. ಬೀದಿಯಲ್ಲಿ ಹೆಂಗಸರು ನಿಂತು ಮಾತಾಡುವುದು ಕಾಣುತ್ತಿತ್ತು, ನಗುವುದು ಕೇಳುತ್ತಿತ್ತು, ಯಾತಕ್ಕೆ ನಕ್ಕರೆಂದು ಮಾತ್ರ ಕೇಳುತ್ತಿರಲಿಲ್ಲ. ಬೇಜಾರಾಗುತ್ತಿತ್ತೇ ಅಂದರೆ, ಆಗುತ್ತಿತ್ತು. ಬಹಳ ಆಗುತ್ತಿತ್ತು. ಸುಗಲಾ ಶಾಲೆಯಿಂದ ಬರುವ ಹೊತ್ತಿಗೆ ಸರಿಹೋಗುತ್ತಿತ್ತು.

ಹುಡುಗಿ ಚುರುಕು. ಕಾಲೇಜಿನವರು ಮೊದಲ ಪಟ್ಟಿಯಲ್ಲೇ ಅವಳ ಹೆಸರು ಹಾಕಿದರು. ಧರ್ಮದ ಚಪ್ಪರಕ್ಕೆ ಅರ್ಜಿ ಕೊಟ್ಟೆವು. ಅಳತೆಯ ತಿಂಗಳಲ್ಲಿ ಫಕೀರಪ್ಪ ಹಗ್ಗ ಹೆಗಲಿಗೆ ಹಾಕಿಕೊಂಡು ಬಂದ. ಒಣಕಲು ಆಳು, ಊರಿನ ಗಂಟುಗಳನ್ನೆಲ್ಲ ಅಳೆಯುವ ಕೆಲಸ ಅವನದು. ಕೆಟ್ಟವನಲ್ಲ, ಆದರೆ ಕಂಡದ್ದನ್ನು ಕಂಡ ಹಾಗೆ ಬರೆಯುವವನು.

"ಅವ್ವಾರ, ಎಲ್ಲಾ ಗಂಟ ಹೊರಗ ತರ್ರಿ" ಅಂದ. ತಂದು ಅಂಗಳದ ತುಂಬ ಜೋಡಿಸಿದೆ. ಅವನು ಒಂದೊಂದನ್ನೇ ತಿರುಗಿಸಿ ನೋಡುತ್ತ ಹೋದ. "ಎಲ್ಲಾ ಹುಡುಗಿ ಹೆಸರಲೇ ಅದಾವಲ್ರಿ?"

"ಹೌದ್ರಿ. ಎಲ್ಲಾ" ಅಂದೆ. ಎದೆಯುಬ್ಬಿಸಿಕೊಂಡೇ ಅಂದೆ.

"ನಿಮ್ಮ ಹೆಸರಿಂದು?"

"ಇಲ್ರಿ."

"ಮುಪ್ಪಿನ ಗಂಟ? ಮುಪ್ಪು ಅಂತ ಹೊಲಿದಿದ್ದು ಒಂದರ ಅದ ಏನ್ರಿ?"

"ಇಲ್ರಿ."

ಫಕೀರಪ್ಪ ಹಗ್ಗ ಕೆಳಗಿಟ್ಟ. "ಅವ್ವಾರ, ಮಗು ಹೆಸರಿನ ಗಂಟ ಪೂರಾ ಲೆಕ್ಕಕ್ಕ ಬರ್ತದ. ಸಾಕಿದವರ ಹೆಸರಿಂದಾದ್ರ ಇಪ್ಪತ್ತರಾಗ ಒಂದ ಹಿಡೀತೀವಿ. ಮುಪ್ಪಿನ ಗಂಟ ನಾವು ಮುಟ್ಟೂದ ಇಲ್ಲ. ಇವನ್ನೆಲ್ಲಾ ಮುಪ್ಪು ಅಂತ ಹೊಲಿದಿದ್ರ ಇವತ್ತ ನಿಮ್ಮ ಹುಡುಗಿಗೆ ಚಪ್ಪರದಾಗ ನಾಲ್ಕೂ ವರ್ಷ ಜಾಗ ಸಿಗ್ತಿತ್ತು." ಅಳೆದ. ನಾಲ್ಕು ವರ್ಷಕ್ಕೆ ಸರಿಯಾಗಿ ಆಯಿತು, ಮೇಲೆ ಒಂಬತ್ತು ದಿನ ಉಳಿಯಿತು. ಚಪ್ಪರಕ್ಕೆ ಹಕ್ಕಿಲ್ಲ ಅಂತ ಬರೆದುಕೊಂಡು ಹೋದ.

ನಾನು ಗಂಟುಗಳ ನಡುವೆ ಕೂತುಬಿಟ್ಟೆ. ಸುಗಲಾ ಓದಿದರೆ ಎಲ್ಲವೂ ಅವಳ ತಲೆಯ ಮೇಲೆ ಹೋಗುತ್ತದೆ. ನನಗಾಗ ಐವತ್ತೆಂಟು. ಇನ್ನೆರಡು ವರ್ಷ ಮಡಿಸಿದರೂ ಆರು ತಿಂಗಳಿನದು ಕೂಡೀತು. ಆಮೇಲೆ ಬಾಗಿಲು ಹಾಕಿಕೊಳ್ಳುವುದೇ. ಸೋದರತ್ತೆ ಕೂರುತ್ತಿದ್ದ ಮೂಲೆ ಕಣ್ಣ ಮುಂದೆ ಬಂತು.

ಆಗ ನನ್ನ ಕಾಲ ಮೇಲೆ ಏನೋ ತಣ್ಣಗೆ ಬಿತ್ತು. ತಲೆಯೆತ್ತಿದರೆ ಎದುರು ಮನೆಯ ಮಾಬೂಬಿ, ಬಳೆ ಮಾರುವವಳು, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳ ನೆರಳು ಅದು. ಹದಿನೇಳು ವರ್ಷದ ಮೇಲೆ ಹೊರಗಿನವರೊಬ್ಬರ ನೆರಳು ನನ್ನ ಮೇಲೆ ಬಿದ್ದದ್ದು ಅವತ್ತೇ.

"ಎಂಥಾ ಹುಚ್ಚಿ ಇದ್ದಿ ನೀಲಕ್ಕ!" ಅಂತ ಶುರು ಮಾಡಿದಳು. "ಊರಿಗೆಲ್ಲಾ ಗೊತ್ತಿರೂ ಮಾತು ಇದು. ಮೊದಲ ಮುಪ್ಪಿನ ಗಂಟ ಕಟ್ಟಬೇಕು. ಓದಿಗಾದ್ರ ಚಪ್ಪರ ಅದ, ಇಲ್ಲಾಂದ್ರ ಯಾರ ಕಡೇದಾದ್ರೂ ಕಡ ತಂದು ಓದಿ, ನೌಕರಿ ಮಾಡಿ ತೀರಿಸ್ತದ ಕೂಸು. ಮುಪ್ಪಿಗೆ ಯಾರವ್ವ ಕಡ ಕೊಡ್ತಾರ? ನಿನಗ ಯಾರೂ ಹೇಳಲಿಲ್ಲೇನ?"

"ಯಾರ ಹೇಳ್ತಾರ ಮಾಬೂಬಿ? ನಾ ಯಾರ ನೆರಳಿಗೆ ನಿಂತೀನಿ?"

ಊರಿನ ಕಾಯಿದೆಗಳೆಲ್ಲ ನಮ್ಮಲ್ಲಿ ನೆರಳಿನಿಂದ ನೆರಳಿಗೆ ಹೋಗುತ್ತವೆಯೇ ಹೊರತು ಡಂಗುರ ಹೊಡೆಯುವವರು ಯಾರೂ ಇಲ್ಲ. ನೆರಳು ಉಳಿಸಿದವಳಿಗೇ ನೆರಳಿನ ಕಾಯಿದೆ ಗೊತ್ತಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾಬೂಬಿಯೇ ಪಕ್ಕದಲ್ಲಿ ಕೂತು ಮೆಲ್ಲಗೆ ಒಂದು ದಾರಿ ಹೇಳಿದಳು. "ಹಿಂದ ಮುಂದ ಯಾರೂ ಇಲ್ಲದ ಮಕ್ಕಳಿಗೆ ಅಳತಿನ ಇಲ್ಲ, ನೀಲಕ್ಕ. ನಾಲ್ಕು ವರ್ಷ ಚಪ್ಪರ ಪೂರಾ ಪುಕ್ಕಟೆ. ಚ್ಯಾವಡ್ಯಾಗ ನೀವಿಬ್ರೂ ನಿಂತು, ನಾವು ಒಬ್ಬರಿಗೊಬ್ಬರು ಏನೂ ಅಲ್ಲ ಅನ್ನಬೇಕು."

ಊರಿನವರಿಗೆಲ್ಲ ನಾನು ಯಾರೆಂದು ಗೊತ್ತಲ್ಲ ಅಂತ ನೀವು ಕೇಳಬಹುದು. ಗೊತ್ತಿದ್ದರೇನು? ನಮ್ಮೂರಲ್ಲಿ ಸಂಬಂಧ ಅನ್ನುವುದು ಇಬ್ಬರ ಬಾಯಲ್ಲಿರುವ ಮಾತು. ಇಬ್ಬರೂ ಹೌದು ಅಂದರೆ ಹೌದು, ಇಬ್ಬರೂ ಇಲ್ಲ ಅಂದರೆ ಇಲ್ಲ, ಚಾವಡಿ ಅದನ್ನೇ ಬರೆದುಕೊಳ್ಳುತ್ತದೆ. ಏನೂ ಅಲ್ಲದವಳ ಮೈಯಿಂದ ಬಂದ ನೆರಳು, ಮೇಲೆ ಯಾರ ಹೆಸರೇ ಇರಲಿ, ಅವಳಿಗೇ ವಾಪಸು. ನಾಲ್ಕು ವರ್ಷದೊಳಗೆ ಇಬ್ಬರಲ್ಲಿ ಒಬ್ಬರು ನಾಲ್ಕು ಜನ ಕೇಳುವ ಹಾಗೆ ಹಳೆಯ ಸಂಬಂಧ ಹಿಡಿದು ಕರೆದರೂ ಸಾಕು, ಚಪ್ಪರದ ಜಾಗ ಹೋಗುತ್ತದೆ, ಉಂಡ ನೆರಳನ್ನೆಲ್ಲ ಕಟ್ಟಿಕೊಡಬೇಕು. ನಾಲ್ಕು ವರ್ಷ ಮುಗಿದ ಮೇಲೆ ಇಬ್ಬರೂ ಮತ್ತೆ ಚಾವಡಿಗೆ ಬಂದು ಹೌದು ಅಂದರೆ ಹೌದು. ಒಬ್ಬರು ಬಾರದಿದ್ದರೆ ಅಲ್ಲಿಗೆ ಮುಗಿಯಿತು. "ಎಲ್ಲಾರೂ ಬರ್ತಾರೇನ?" ಅಂದೆ. ಮಾಬೂಬಿ ಬಳೆ ಸರಿಮಾಡಿಕೊಂಡಳು. "ಕೆಲವ್ರು ಬರ್ತಾರ" ಅಂದಳು.

ಸಂಜೆ ಸುಗಲಾ ಮನೆಗೆ ಬರುವ ಹೊತ್ತಿಗೆ ಅವಳಿಗೆ ಬೀದಿಯಲ್ಲೇ ಎಲ್ಲ ಗೊತ್ತಾಗಿತ್ತು. ಪುಸ್ತಕದ ಚೀಲವನ್ನು ಮೂಲೆಗೆ ಎಸೆದಳು. "ನಾ ಹೋಗಂಗಿಲ್ಲ."

"ಯಾಕ ಹೋಗಂಗಿಲ್ಲ? ನಾಲ್ಕು ವರ್ಷದ್ದು ಅದ. ತಗೊಂಡ ಹೋಗು."

"ನಿನ್ನ ಕತ್ತಲಿ ಮನ್ಯಾಗ ಕೂಡಿಸಿ ನಾ ನಿನ್ನ ನೆರಳಾಗ ಕುಂತು ಓದ್ಲ್ಯಾ? ಕೌದಿ ಹೊಲೀತೀನಿ. ನೀ ಹೊಲದಿಲ್ಲೇನ?"

ಆ ಹುಡುಗಿಯ ಹೊಲಿಗೆ ನೋಡಿದ್ದರೆ ಗೊತ್ತಾಗುತ್ತಿತ್ತು, ಅವಳ ಕೌದಿ ಹೊದ್ದವರು ಚಳಿಗೆ ಸಾಯಬೇಕು. ನಕ್ಕೆ. ಅವಳು ನಗಲಿಲ್ಲ. ಆಗ ಮಾಬೂಬಿ ಹೇಳಿದ ದಾರಿಯನ್ನು ಹೇಳಿದೆ. ಸುಗಲಾ ನನ್ನ ಮುಖವನ್ನೇ ನೋಡುತ್ತ ನಿಂತಳು. "ನೀ ನನಗ ಏನೂ ಅಲ್ಲ ಅಂತ ನಾ ಅನಬೇಕಾ?" ಅಂದಳು. "ನಾಲ್ಕ ವರ್ಷ ಅಷ್ಟ" ಅಂದೆ. ನಾಲ್ಕು ದಿನ ಅತ್ತಳು, ಊಟ ಬಿಟ್ಟಳು, ಬೈದಳು. ನಾನು ಬಗ್ಗಲಿಲ್ಲ. ಅವಳ ಓದಿಗಾಗಿ ಮಾತ್ರ ಬಗ್ಗಲಿಲ್ಲ ಅಂದರೆ ದೊಡ್ಡ ಮಾತಾಗುತ್ತದೆ. ನನಗೆ ಆ ಮೂಲೆಯ ಭಯವೂ ಇತ್ತು. ಬಾಗಿಲು ಮುಚ್ಚಿಕೊಂಡು ಕೂರುವುದಕ್ಕೆ ನಾನು ಬಹಳ ಹೆದರಿದ್ದೆ. ಹೀಗೆ ಮಾಡಿದರೆ ಅವಳಿಗೂ ಉಂಟು, ನನಗೂ ಉಂಟು. ಕೊಡಬೇಕಾದದ್ದು ಒಂದೇ ಒಂದು ಮಾತು.

ಆ ಮಾತನ್ನು ಕಲಿಸುವುದಕ್ಕೆ ಎಂಟು ದಿನ ಹಿಡಿಯಿತು. ನಾನು ಚಾವಡಿಯ ಹಿರಿಯನ ಹಾಗೆ ಕಾಲು ಮಡಚಿ ಕೂರುವುದು, ಅವಳು ಎದುರು ನಿಲ್ಲುವುದು.

"ಇವರು ನಿನಗ ಏನಾಗಬೇಕು?"

"ದೊಡ್ಡವ್ವ."

"ಥೂ! ಮತ್ತ ಹೇಳು. ಇವರು ನಿನಗ ಏನಾಗಬೇಕು?"

"ಏನೂ... ನೀ ಹಂಗ ನೋಡಬ್ಯಾಡ ದೊಡ್ಡವ್ವ, ನನಗ ಬರಂಗಿಲ್ಲ."

"ನೀ ಅನಬ್ಯಾಡ. ನೀವು ಅನ್ನು. ಗುರುತಿಲ್ಲದವರಿಗೆ ಯಾರರ ನೀ ಅಂತಾರೇನ?"

ನನಗೆ 'ನೀವು' ಅನ್ನುವುದಕ್ಕೆ ಅವಳ ನಾಲಿಗೆ ತಿರುಗಲೇ ಇಲ್ಲ. ಮಾತು ಬಂದಾಗಿನಿಂದ ಏಕವಚನದಲ್ಲಿ ಕರೆದವಳು. 'ನೀವು' ಅಂದಳೆಂದರೆ ಕಿಸಕ್ಕನೆ ನಗು, ನಗುವಿನ ಹಿಂದೆಯೇ ಅಳು. ರೊಟ್ಟಿ ಬಡಿಯುವಾಗ ಕೇಳಿದೆ, ನೀರು ತರುವಾಗ ಕೇಳಿದೆ, ಅವಳು ಮೈಮರೆತು ತಲೆ ಬಾಚಿಕೊಳ್ಳುವಾಗ ಹಿಂದಿನಿಂದ ಹೋಗಿ ಕೇಳಿದೆ. ಏಳನೇ ದಿನ ತಡವರಿಸುವುದು ನಿಂತಿತು. ಎಂಟನೇ ದಿನ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ಏನೂ ಆಗಬೇಕಾಗಿಲ್ರಿ" ಅಂದಳು. "ಭೇಷ್" ಅಂದೆ. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ಚಾವಡಿಯಲ್ಲಿ ಮೂವರು ಹಿರಿಯರು, ಪಕ್ಕದಲ್ಲಿ ಫಕೀರಪ್ಪ. ಮೊದಲು ನನ್ನನ್ನು ಕೇಳಿದರು. "ಈ ಹುಡುಗಿ ನಿನಗ ಏನಾಗಬೇಕು?" ಅಷ್ಟೆಲ್ಲ ಅವಳಿಗೆ ಕಲಿಸಿದವಳು ನನಗೆ ನಾನು ಕಲಿಸಿಕೊಂಡಿರಲೇ ಇಲ್ಲ ನೋಡಿ. ಹಿರಿಯ ಮತ್ತೊಮ್ಮೆ ಕೇಳಿದ. "ಏನೂ ಆಗಬೇಕಾಗಿಲ್ರಿ" ಅಂತ ಹೇಗೋ ಅಂದೆ.

"ಹಂಗಾದ್ರ ಗಂಟಿನ ಮ್ಯಾಲ ಆಕಿ ಹೆಸರ್ಯಾಕ?"

"ಹೊಲಿಗಿ ಚಟ ಅದರಿ. ಕೈಗೆ ಬಂದದ್ದು ಹೊಲದೀನಿ."

"ಬಿಚ್ಚಿ ತಗೀಬೇಕು. ಒಂದ ಅಕ್ಷರ ಉಳಿಯೂಹಂಗಿಲ್ಲ. ಉಳದದ್ದು ಕಂಡ್ರ ಸಂಬಂಧ ಅದ ಅಂತನ ಬರೀತೀವಿ." ಆಮೇಲೆ ಅವಳ ಕಡೆ ತಿರುಗಿದ. "ಹುಡುಗಿ, ಇವರು ನಿನಗ ಏನಾಗಬೇಕು?"

ಸುಗಲಾ ನನ್ನ ಕಡೆ ನೋಡಿದಳು. ದನಿ ನಡುಗಲಿಲ್ಲ. "ಇವರು ನನಗ ಏನೂ ಆಗಬೇಕಾಗಿಲ್ರಿ." ಗಂಟೆ ಹೊಡೆದ ಹಾಗೆ ಅಂದಳು. ಅಷ್ಟು ಚೆನ್ನಾಗಿ ಅಂದಳಲ್ಲ ಅಂತ ಹೆಮ್ಮೆಯೂ ಆಯಿತು, ಅಷ್ಟು ಚೆನ್ನಾಗಿ ಅಂದಳಲ್ಲ ಅಂತ ಸಂಕಟವೂ ಆಯಿತು. ಹೊರಗೆ ಬಂದ ಮೇಲೆ ಅವಳು ಬೀದಿಯ ಆ ಬದಿ ನಡೆದಳು, ನಾನು ಈ ಬದಿ. ಅವತ್ತು ಸಂಜೆಯೇ ಗುಡ್ಡ ಹತ್ತಿದಳು. ಪೆಟ್ಟಿಗೆ ಹೊತ್ತುಕೊಟ್ಟವಳು ಮಾಬೂಬಿ. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ.

ಆಮೇಲೆ ಹೊಲಿಗೆ ಬಿಚ್ಚುವ ಕೆಲಸ. ಬೇರೆ ಯಾರದಾದರೂ ಹೊಲಿಗೆಯಾಗಿದ್ದರೆ ಎಳೆದರೆ ಬರುತ್ತಿತ್ತು. ನನ್ನ ಕೈಯದು, ಜೋಡಿ ದಾರದ್ದು. ಸೂಜಿಮೊನೆಯಲ್ಲಿ ಒಂದೊಂದೇ ಎಳೆ ಎಬ್ಬಿಸಿ, ಸು ತೆಗೆದು, ಗ ತೆಗೆದು, ಲಾ ತೆಗೆದು, ಮುಂದಿನದಕ್ಕೆ ಕೈಹಾಕಿ ಮತ್ತೆ ಸು. ಮೂರು ತಿಂಗಳು ಹಿಡಿಯಿತು. ಫಕೀರಪ್ಪ ಬಂದು ನೋಡಿ, ಸರಿಯಾಗಿದೆ ಅಂತ ಬರೆದುಕೊಂಡು ಹೋದ. ಕೆಂಪು ದಾರದ ಒಂದು ಮೊರ ರಾಶಿ ಉಳಿಯಿತು. ಅದನ್ನು ಒಲೆಗೆ ಹಾಕಿದೆ.

ಇನ್ನು ಮಡಿಸುವ ಅಗತ್ಯವಿರಲಿಲ್ಲ. ತೆಳ್ಳಗಾಗಿದ್ದರೂ ನನ್ನದೆನ್ನುವ ನೆರಳು ಮತ್ತೆ ನನ್ನ ಕಾಲಲ್ಲಿತ್ತು. ಹೆಂಗಸರು ಕರೆದರು. ಹೋಗಿ ನಿಂತೆ. ಏನು ಮಾತಾಡುವುದು? ಅವರು ಮಕ್ಕಳ ಸುದ್ದಿ, ಮೊಮ್ಮಕ್ಕಳ ಸುದ್ದಿ ಹೇಳಿದರು. ಹದಿನೇಳು ವರ್ಷದಲ್ಲಿ ನನ್ನ ಹತ್ತಿರ ಕೂಡಿದ್ದ ಸುದ್ದಿ ಒಂದೇ, ಅದನ್ನು ಆಡುವ ಹಾಗಿಲ್ಲ. ಒಮ್ಮೆ ಯಾರೋ ಬೆಂಡೇಕಾಯಿ ಪಲ್ಯದ ಮಾತು ತೆಗೆದಾಗ "ನಮ್ಮ ಸುಗ..." ಅನ್ನುವಷ್ಟರಲ್ಲಿ ನಾಲಿಗೆ ಕಚ್ಚಿಕೊಂಡೆ. "ಸುಗಂಧಿ ಬೇರಿನ ಪಾನಕ" ಅಂತ ಏನೋ ಬಡಬಡಿಸಿದೆ. ಬೆಂಡೇಕಾಯಿಗೂ ಪಾನಕಕ್ಕೂ ಎಲ್ಲಿಯ ನಂಟು? ಅವರೆಲ್ಲ ನಕ್ಕರು. ಇನ್ನೊಂದು ಅಕ್ಷರ ಬಿದ್ದಿದ್ದರೆ ಹುಡುಗಿಯ ಓದು ಹೋಗುತ್ತಿತ್ತು. ಅಲ್ಲಿಂದ ಹೋಗುವುದನ್ನು ಬಿಟ್ಟೆ.

ಒಂದು ದಿನ ಬೇಸರ ತಾಳಲಾರದೆ ಹಿತ್ತಲಲ್ಲಿ ನಾಲ್ಕು ಕೋಲು ನೆಟ್ಟು ಒಂದು ಗಂಟು ಬಿಡಿಸಿ ಕಟ್ಟಿದೆ. ಕಟ್ಟಿ ಕೆಳಗೆ ನೋಡಿದೆ. ದಾರ ಹೋಗಿತ್ತು, ಸೂಜಿಯ ತೂತು ಹೋಗಿರಲಿಲ್ಲ. ಒಂದೊಂದು ತೂತಿನಿಂದಲೂ ಬಿಸಿಲು ಇಳಿದು ನೆಲದ ಮೇಲೆ ಅಕ್ಷರ ಬರೆದಿತ್ತು. ಸುಗಲಾ. ಮಡಿಕೆ ಎಷ್ಟಿತ್ತೋ ಅಷ್ಟು ಸಲ, ಸಾಲಾಗಿ. ಇದನ್ನು ಕಟ್ಟೆಯ ಮೇಲೆ ಕಟ್ಟಿದರೆ ಊರೆಲ್ಲ ಓದುತ್ತದೆ. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿ ಬಂದು ಆ ಹೆಸರುಗಳ ನಡುವೆ ಕೂತೆ. ಹೊತ್ತು ಸರಿದಂತೆ ಅವೂ ಸರಿದು ನನ್ನ ಮಡಿಲಿಗೆ ಬಂದವು, ಆಮೇಲೆ ಗೋಡೆಗೆ ಹೋದವು. ಮುಪ್ಪಿಗೆ ಬೇಕಾದಷ್ಟು ನೆರಳು ನನಗಿತ್ತು, ನಾಲ್ಕು ಜನರ ನಡುವೆ ಅದನ್ನು ಹಾಕಿಕೊಂಡು ಕೂರುವ ಹಾಗಿರಲಿಲ್ಲ. ಯಾವ ಬಾಗಿಲಿಗೆ ಹೆದರಿದ್ದೆನೋ ಅದನ್ನು ನಾನೇ ಹಾಕಿಕೊಂಡಿದ್ದೆ.

ವರ್ಷ ತುಂಬಿ ಮತ್ತೆ ಅಳತೆಯ ತಿಂಗಳು ಬಂತು. ಚಪ್ಪರದ ಮಕ್ಕಳು ಆ ತಿಂಗಳು ಫಕೀರಪ್ಪನ ಜೊತೆ ಮನೆಮನೆಗೆ ಹೋಗಿ ಹಗ್ಗ ಹಿಡಿಯಬೇಕು, ಪುಕ್ಕಟೆ ನೆರಳಿಗೆ ಬದಲು ಅಷ್ಟು ಕೆಲಸ. ಅವತ್ತು ಮಧ್ಯಾಹ್ನ ಎದುರು ಮನೆಯಲ್ಲಿ ಮಾಬೂಬಿಯ ಮೊಮ್ಮಗನ ಅಳತೆಯಿತ್ತು. ನಾನು ಎಂದಿನಂತೆ ಬಾಗಿಲಲ್ಲಿ ಕೌದಿ ಹಿಡಿದು ಕೂತಿದ್ದೆ. ಹಗ್ಗದ ಒಂದು ತುದಿ ಫಕೀರಪ್ಪನ ಕೈಯಲ್ಲಿ, ಇನ್ನೊಂದು ತುದಿ ಸುಗಲಾಳ ಕೈಯಲ್ಲಿ. ಎತ್ತರವಾಗಿದ್ದಳು. ಕನ್ನಡಕ ಬಂದಿತ್ತು. ಜೊತೆಗೆ ಇನ್ನೂ ಮೂವರು ಹುಡುಗಿಯರಿದ್ದರು, ಏನೋ ಹೇಳಿಕೊಂಡು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಸೂಜಿ ಬೆರಳಿಗೆ ಚುಚ್ಚಿತು. ತಲೆ ಎತ್ತಬಾರದು ಎತ್ತಬಾರದು ಅಂದುಕೊಂಡೇ ಎತ್ತಿದೆ.

ಅಳತೆ ಮುಗಿದ ಮೇಲೆ ಅವಳು ಬೀದಿ ದಾಟಿ ಸೀದಾ ನನ್ನ ಬಾಗಿಲಿಗೆ ಬಂದಳು. ಹಿಂದೆ ಫಕೀರಪ್ಪ, ಆ ಹುಡುಗಿಯರು, ಮಾಬೂಬಿ, ಎಲ್ಲರೂ ನೋಡುತ್ತಿದ್ದರು.

"ಅಕ್ಕಾರ, ಒಂದು ತಂಬಗಿ ನೀರ ಕೊಡ್ತೀರೇನ್ರಿ?"

ಕೊಡ್ತೀರೇನ್ರಿ. ಎಷ್ಟು ನಯವಾಗಿ, ಎಷ್ಟು ಸರಾಗವಾಗಿ ಬಂತು ಆ ಬಹುವಚನ! ನನ್ನ ವಯಸ್ಸಿನ ಹೆಂಗಸನ್ನು ಆ ವಯಸ್ಸಿನ ಹುಡುಗಿಯರು 'ಅವ್ವಾರ' ಅನ್ನುವುದು ವಾಡಿಕೆ. ಅದರಲ್ಲಿ ಅವ್ವ ಇದೆಯೆಂದು ಹೆದರಿ 'ಅಕ್ಕಾರ' ಅಂದಳೋ, ಕಾಲೇಜಿನಲ್ಲಿ ಎಲ್ಲರನ್ನೂ ಹಾಗೆಯೇ ಕರೆಯುವುದು ರೂಢಿಯಾಗಿದೆಯೋ. ಒಳಗೆ ಹೋಗಿ ಬಿಂದಿಗೆಯಿಂದ ನೀರು ಬಗ್ಗಿಸಿದೆ. ಅರ್ಧ ನೆಲಕ್ಕೆ ಚೆಲ್ಲಿತು. ತಂದು ಕೊಟ್ಟೆ. ಅವಳು ತಂಬಿಗೆಯನ್ನು ತುಟಿಗೆ ತಾಗಿಸದೆ, ಪರರ ಮನೆಯಲ್ಲಿ ಕುಡಿಯುವ ಹಾಗೆ, ಎತ್ತಿ ಕುಡಿದಳು.

"ಯಾವೂರವ್ವ ನಿಂದು?" ಅಂದೆ. ಗುರುತಿಲ್ಲದವರನ್ನು ಕೇಳುವುದು ಹಾಗೆಯೇ ಅಲ್ಲವೇ.

"ಇದ ಊರ್ರಿ."

"ಓದು ಹೆಂಗ ನಡದದ?"

"ಚಲೋ ನಡದದ್ರಿ."

ಫಕೀರಪ್ಪ ಎರಡು ಹೆಜ್ಜೆ ಮುಂದೆ ಬಂದ. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ, ಕೇಳುವುದು ಅವನ ಕೆಲಸ. "ಇವರು ನಿನಗ ಏನಾಗಬೇಕವ್ವ?"

"ಏನೂ ಆಗಬೇಕಾಗಿಲ್ರಿ" ಅಂದಳು ಸುಗಲಾ. ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ, ಮಳೆ ಬರಲ್ಲ ಅನ್ನುವಷ್ಟು ಸಹಜವಾಗಿ ಅಂದಳು.

ನಾನು ಅವಳ ಕಣ್ಣು ಹುಡುಕಿದೆ. ಕನ್ನಡಕದ ಹಿಂದೆ ಏನಾದರೂ ಒಂದು, ಒಂದು ಎಳೆ, ನನಗೆ ಮಾತ್ರ ಗೊತ್ತಾಗುವಂಥದ್ದು ಇದ್ದೀತೆಂದು ಹುಡುಕಿದೆ. ಏನೂ ಇರಲಿಲ್ಲ. ಇದ್ದು ಮುಚ್ಚಿಟ್ಟಿದ್ದರೆ ಅಷ್ಟು ಚೆನ್ನಾಗಿ ಮುಚ್ಚಿಡುವುದನ್ನು ಕಲಿಸಿದವಳು ನಾನೇ. ಇಲ್ಲದೇ ಹೋಗಿದ್ದರೆ, ಅದನ್ನು ಕಲಿಸಿದವಳೂ ನಾನೇ. ಇನ್ನೂ ಮೂರು ವರ್ಷವಿದೆ. ಆಮೇಲೆ ಚಾವಡಿಯ ಮುಂದೆ ನಾನು ಹೋಗಿ ನಿಲ್ಲುತ್ತೇನೆ, ಅದು ಗೊತ್ತು. ಅವಳು ಬರುತ್ತಾಳೆಯೇ ಅನ್ನುವುದೊಂದೇ ಗೊತ್ತಿಲ್ಲ.

ಅವಳು ತಂಬಿಗೆಯನ್ನು ನನ್ನ ಕೈಗೆ ಕೊಡದೆ ಬಾಗಿಲ ಕಟ್ಟೆಯ ಮೇಲಿಟ್ಟಳು. ಹುಡುಗಿಯರು ಕೂಗಿದರು. ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, "ಬರ್ತೀನ್ರಿ, ಅಕ್ಕಾರ" ಅಂದಳು.

ಹೊರಡುವವರು ನಮ್ಮಲ್ಲಿ ಯಾರೂ ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾರೆ. ಮನೆಯವರಿಗೂ ಅದನ್ನೇ ಅನ್ನುತ್ತಾರೆ, ನೀರು ಕೊಟ್ಟ ಗುರುತಿಲ್ಲದವರಿಗೂ ಅದನ್ನೇ. ಅವಳು ಯಾರಿಗೆ ಅಂದಳೋ ನನಗೆ ತಿಳಿಯಲಿಲ್ಲ. "ಬಾರವ್ವ" ಅಂದೆ. ಅದನ್ನೂ ಎಲ್ಲರಿಗೂ ಅನ್ನುತ್ತಾರೆ.